ಹುಣಸೆಹಣ್ಣಿನ ಟಂಕಸಾಲೆ

ಹುಣಸೆಹಣ್ಣು ಕಂಡಾಗಲೆಲ್ಲ ನನಗೆ ಪೋರ್ಚುಗಲ್ ನೆನಪಾಗುತ್ತದೆ. ಇದನ್ನು ಯಾರ ಮುಂದಾದರೂ ಹೇಳಿದರೆ ಅವರು ಒಮ್ಮೆ ನನ್ನ ಮುಖ, ಒಮ್ಮೆ ಹುಣಸೆಹಣ್ಣು ನೋಡಿ, ನಿವೃತ್ತರಾದ ಮಾಸ್ತರರಿಗೆ ಹೊತ್ತು ಹೋಗುವುದಿಲ್ಲ ಪಾಪ ಎಂದು ತಮ್ಮೊಳಗೇ ತೀರ್ಮಾನಿಸಿಬಿಡುತ್ತಾರೆ. ನನ್ನ ಹೆಂಡತಿಗಂತೂ ಅಭ್ಯಾಸವಾಗಿ ಹೋಗಿದೆ. ಸಂತೆಯಿಂದ ತಂದ ಹುಣಸೆಯ ಬೀಜ ಬಿಡಿಸುತ್ತ ಅವಳು ಕೂತಾಗ ನಾನು ಹತ್ತಿರ ಸುಳಿದರೆ, ‘ಹೂಂ, ಹಡಗು ಹೊರಟತಾ?’ ಎಂದು ತಲೆಯೆತ್ತದೆ ಕೇಳುತ್ತಾಳೆ. ಹಡಗು ಹೊರಟೇ ಇರುತ್ತದೆ. ಇವತ್ತು ನೀವು ಸಿಕ್ಕಿದ್ದೀರಿ, ಹತ್ತಿ ಕೂರಿ.

ನಾನಾಗ ಶಿರಸಿಯ ಒಂದು ಹೈಸ್ಕೂಲಿನಲ್ಲಿ ಇತಿಹಾಸದ ಮಾಸ್ತರ. ಕೆಲಸಕ್ಕೆ ಸೇರಿದ್ದು ಐವತ್ತಾರರಲ್ಲಿ. ಆ ವರ್ಷ ನಮ್ಮ ಜಿಲ್ಲೆಯವರೆಲ್ಲ ರಾತ್ರಿ ಮುಂಬಯಿ ರಾಜ್ಯದಲ್ಲಿ ಮಲಗಿ ಬೆಳಗ್ಗೆ ಮೈಸೂರು ರಾಜ್ಯದಲ್ಲಿ ಎದ್ದಿದ್ದೆವು. ಹಾಸಿಗೆ ಮಾತ್ರ ಅದೇ ಇತ್ತು. ಅದಾದ ಸ್ವಲ್ಪ ದಿನಕ್ಕೆ ನಯಾ ಪೈಸೆ ಬಂತು. ಆಣೆಗೆ ಒಗ್ಗಿಹೋಗಿದ್ದ ನಮ್ಮ ಪೇಟೆಯಲ್ಲಿ ಎಲೆ ಅಡಿಕೆ ಕೊಳ್ಳುವುದಕ್ಕೂ ಗಣಿತದ ಮಾಸ್ತರರನ್ನು ಕರೆದುಕೊಂಡು ಹೋಗಬೇಕಾದ ಪರಿಸ್ಥಿತಿ. ಅಂಗಡಿಯವನೂ ಗಿರಾಕಿಯೂ ಹೊಸ ನಾಣ್ಯವನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಹಲ್ಲಿನಲ್ಲಿ ಕಚ್ಚಿ ನೋಡುತ್ತಿದ್ದರು. ಇತಿಹಾಸದ ಮಾಸ್ತರನಾದ ನಾನು ಮಾತ್ರ ನಾಣ್ಯಗಳ ಬಗ್ಗೆ ಎಲ್ಲ ತಿಳಿದವನ ಗತ್ತಿನಲ್ಲಿ ಓಡಾಡುತ್ತಿದ್ದೆ. ಮನೆಯ ಜಗಲಿಯ ಮೇಲೆ ಪ್ರತಿದಿನ ಏನು ಒಣಗುತ್ತಿದೆ ಎಂಬುದು ನನಗೆ ಗೊತ್ತಿರಲಿಲ್ಲ, ಅಷ್ಟೆ.

ಮನೆಯಲ್ಲಿ ಇಬ್ಬರು ಹಿರಿಯರು. ಒಬ್ಬ ಚಿಕ್ಕಪ್ಪ, ಶಿವರಾಮ ಭಟ್ಟರು. ಇನ್ನೊಬ್ಬಳು ಚಿಕ್ಕಪ್ಪನ ಅಕ್ಕ, ನನ್ನ ಸೋದರತ್ತೆ ಭಾಗೀರಥಿ. ದೇವರ ಪೂಜೆ ಚಿಕ್ಕಪ್ಪನದು. ನಮ್ಮದು ಪಂಚಾಯತನ ಪೂಜೆಯ ಮನೆತನ; ಎಂದರೆ ತಟ್ಟೆಯ ನಡುವೆ ಒಂದು ಕಲ್ಲು, ಸುತ್ತ ನಾಲ್ಕು ಕಲ್ಲು, ಐದು ದೇವರು. ಚಿಕ್ಕಪ್ಪನಿಗೆ ಆ ಕಲ್ಲುಗಳ ಮೇಲೆ ಭಕ್ತಿ ಎಷ್ಟೋ ಹೆಮ್ಮೆಯೂ ಅಷ್ಟೇ. ಮನೆಗೆ ಯಾರೇ ಬರಲಿ, ಕುಡಿಯಲು ಆಸರಿಗೆ ಕೊಟ್ಟು ಮುಗಿಯುವುದರೊಳಗೆ ಅವರನ್ನು ದೇವರ ಮನೆಯ ಬಾಗಿಲಿಗೆ ಕರೆದುಕೊಂಡು ಹೋಗಿ ಬೆರಳು ತೋರಿಸಿ ಹೇಳುತ್ತಿದ್ದರು: ‘ವಿಷ್ಣು, ಗಂಡಕಿ ನದಿಯದು. ಈಶ್ವರ, ನರ್ಮದೆಯದು. ಗಣಪತಿ, ಶೋಣಭದ್ರ ನದಿಯ ಕೆಂಪು ಕಲ್ಲು. ಅಮ್ಮನವರು ಸುವರ್ಣಮುಖಿಯಿಂದ. ಸೂರ್ಯನ ಸ್ಫಟಿಕ ತಂಜಾವೂರಿನ ಕಡೆಯದು.’ ಬಂದವರು ಕೈಮುಗಿಯುತ್ತಿದ್ದರು. ವಿಮೆಯ ಏಜೆಂಟರೊಬ್ಬರು ತಿಂಗಳಿಗೊಮ್ಮೆ ಬಂದು ತಿಂಗಳಿಗೊಮ್ಮೆ ಇದನ್ನು ಕೇಳಿ, ಕೊನೆಗೆ ತಾವೇ ಬೆರಳು ತೋರಿಸಿ ಹೇಳುವಷ್ಟು ಕಲಿತುಬಿಟ್ಟಿದ್ದರು.

ಅತ್ತೆ ಆ ಕಲ್ಲುಗಳನ್ನು ಮುಟ್ಟುವಂತಿರಲಿಲ್ಲ. ಹೂ ಕೊಯ್ದು ಕೊಡಬಹುದು, ಗಂಧ ತೇಯಬಹುದು, ಪಾತ್ರೆ ಬೆಳಗಬಹುದು. ದೇವರು ಮಾತ್ರ ಗಂಡಸರದು. ಆದರೆ ಅತ್ತೆ ಯಾರ ಅಪ್ಪಣೆಗೂ ಕಾಯುವವಳಲ್ಲ. ಅವಳಿಗೆ ಅವಳದೇ ದೇವರಿತ್ತು. ಸಿದ್ದಾಪುರದ ಕಡೆಯ ಗಂಡನ ಮನೆಯಲ್ಲಿ ಅವಳ ಅತ್ತೆಗೆ ಬಾವಿಯ ಕೆಸರು ತೆಗೆಯುವಾಗ ಸಿಕ್ಕಿದ ಒಂದು ಪುಟ್ಟ ಬಿಲ್ಲೆ. ತೆಳ್ಳಗೆ, ಹೆಬ್ಬೆರಳ ಉಗುರಿಗಿಂತ ಚೂರು ದೊಡ್ಡದು, ಬೆಳ್ಳಿಯೂ ಅಲ್ಲದ ತಾಮ್ರವೂ ಅಲ್ಲದ ಬಣ್ಣ. ಅದರ ಒಂದು ಮೈಯಲ್ಲಿ ನಡುವೆ ಒಂದು, ಸುತ್ತ ನಾಲ್ಕು ಪುಟ್ಟ ಗೂಡುಗಳು. ಪ್ರತಿ ಗೂಡಿನೊಳಗೆ ಚುಕ್ಕೆಗಳು. ಪಂಚಾಯತನದ ಮನೆಯಲ್ಲಿ ಹುಟ್ಟಿ ಬೆಳೆದವಳಿಗೆ ಅದು ಏನೆಂದು ಯಾರೂ ಹೇಳಿಕೊಡಬೇಕಾಗಲಿಲ್ಲ. ಐದು ದೇವರು ಒಂದೇ ಬಿಲ್ಲೆಯಲ್ಲಿ! ಗಂಡ ತೀರಿಕೊಂಡು ಸಣ್ಣ ವಯಸ್ಸಿನಲ್ಲೇ ತವರಿಗೆ ಬಂದಾಗ ಅವಳು ಆ ಮನೆಯಿಂದ ತಂದದ್ದು ಅದೊಂದನ್ನೇ. ನಮ್ಮ ಮನೆಯಲ್ಲಿ ಅವಳು ‘ನನ್ನದು’ ಎನ್ನುತ್ತಿದ್ದುದೂ ಅದೊಂದನ್ನೇ.

ದಿನಾ ಬೆಳಿಗ್ಗೆ ಸ್ನಾನ ಮುಗಿಸಿ ಅತ್ತೆ ಚಿಟಿಕೆ ಹುಣಸೆಹಣ್ಣು, ಎರಡು ಹರಳು ಉಪ್ಪು ಹಾಕಿ ಹೆಬ್ಬೆರಳಿನಲ್ಲಿ ಅದನ್ನು ತಿಕ್ಕುತ್ತಿದ್ದಳು. ನೀರಲ್ಲಿ ತೊಳೆದು, ಬಾಳೆ ಎಲೆಯ ಚೂರಿನ ಮೇಲಿಟ್ಟು ಜಗಲಿಯ ಬಿಸಿಲಿಗೆ ಒಣಗಿಸಿ, ಆಮೇಲೆ ಅಡುಗೆಮನೆಯ ಗೂಡಿನಲ್ಲಿ ಕೂರಿಸಿ ಒಂದು ತುಳಸಿ ಕುಡಿ, ಒಂದು ತುಂಬೆ ಹೂವು. ಬೇಕಾದರೆ ಜಗಳವನ್ನೂ ಆಡುತ್ತಿದ್ದಳು ದೇವರ ಜೊತೆ. ಊರಿಗೆ ಹೋಗುವಾಗಲಂತೂ ಅವಳ ಗಮ್ಮತ್ತು ನೋಡಬೇಕಿತ್ತು. ಚಿಕ್ಕಪ್ಪ ಎರಡು ದಿನ ಪರಸ್ಥಳಕ್ಕೆ ಹೋಗುವುದಿದ್ದರೆ ದೇವರ ಪೆಟ್ಟಿಗೆ, ಮಡಿಯ ಬಟ್ಟೆ, ತಾಮ್ರದ ತಂಬಿಗೆ ಎಲ್ಲ ಹೊತ್ತು, ಬಸ್ಸಿನಲ್ಲಿ ಯಾರೂ ತಾಗದ ಹಾಗೆ ಮೊಣಕೈ ಅಗಲಿಸಿ ಕೂತು ಸಿದ್ದಾಪುರ ಮುಟ್ಟುವುದರೊಳಗೆ ಎಲ್ಲರ ಜೊತೆ ಜಗಳವಾಗಿರುತ್ತಿತ್ತು. ಅತ್ತೆ ತನ್ನ ಐದು ದೇವರನ್ನು ಸೆರಗಿನ ತುದಿಗೆ ಗಂಟು ಹಾಕಿ, ಕಿಟಕಿಯ ಬದಿ ಕೂತು, ಕಡಲೆ ತಿನ್ನುತ್ತ ಹೋಗುತ್ತಿದ್ದಳು.

ಈ ಸುಖಸಂಸಾರಕ್ಕೆ ಇತಿಹಾಸ ಕಾಲಿಟ್ಟದ್ದು ನನ್ನ ಗೆಳೆಯ ಹುಸೇನನ ಮೂಲಕ. ಹುಸೇನ ಯಲ್ಲಾಪುರದವನು. ಧಾರವಾಡದಲ್ಲಿ ನನ್ನ ಜೊತೆ ಇತಿಹಾಸ ಓದಿ, ಊರಿಗೆ ಮರಳಿ ಅಪ್ಪನ ಲಾರಿಗಳನ್ನು ನೋಡಿಕೊಳ್ಳುತ್ತಿದ್ದ. ಮರದ ನಾಟಾ ತುಂಬಿದ ಲಾರಿಗಳ ನಡುವೆ ಅವನ ಚಟವೆಂದರೆ ಹಳೆಯ ನಾಣ್ಯ. ಡ್ರೈವರುಗಳು ಎಲ್ಲೆಲ್ಲಿಂದಲೋ ತಂದುಕೊಟ್ಟ ನಾಣ್ಯಗಳನ್ನು ಚಹಾದ ಡಬ್ಬಿಯಲ್ಲಿ ತುಂಬಿಟ್ಟುಕೊಂಡಿದ್ದ. ಅರವತ್ತೊಂದರಲ್ಲಿ ಒಂದು ಭಾನುವಾರ ಅವನು ಶಿರಸಿಗೆ ಬಂದವನು ನಮ್ಮ ಜಗಲಿಯ ಮೇಲೆ ಕೂತು ಮಾತಾಡುತ್ತಿದ್ದಾಗ ಮಾತು ಅರ್ಧಕ್ಕೆ ನಿಂತಿತು. ಎದ್ದು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಬಾಳೆ ಎಲೆಯ ಮೇಲೆ ಬಗ್ಗಿದ. ಬಗ್ಗಿದವನು ಏಳಲೇ ಇಲ್ಲ. ಅತ್ತೆ ಒಳಗಿನಿಂದ ನೋಡಿ, ‘ನೋಡು, ನೋಡು. ಮುಟ್ಲಾಗ ಮಾತ್ರ’ ಎಂದಳು. ‘ಇಲ್ರೀ ಅತ್ತಿ, ಮುಟ್ಟಾಂಗಿಲ್ಲ’ ಎಂದ ಹುಸೇನ.

ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಅವನು ನನ್ನ ತೋಳು ಹಿಡಿದು ನಿಲ್ಲಿಸಿದ. ‘ಏ ಭಟ್ಟ, ಅದೇನಂತ ಗೊತ್ತೈತೇನು ನಿನಗ? ಪೋರ್ಚುಗೀಸರ ದುಡ್ಡದು. ಅದೂ ಇತ್ತಿತ್ತಲಾಗಿಂದಲ್ಲ. ಅವರು ಇಲ್ಲಿಗೆ ಹಡಗು ಬಿಡೋದಕ್ಕಿಂತ ಎಷ್ಟೋ ಮೊದಲಿಂದು.’ ನಾನು ನಕ್ಕೆ. ಇತಿಹಾಸದ ಮಾಸ್ತರ ನಾನು, ಲಾರಿ ಮಾಲೀಕ ಅವನು. ಮುಂದಿನ ಭಾನುವಾರ ಯಲ್ಲಾಪುರಕ್ಕೆ ಹೋಗಿ ಅವನ ದಪ್ಪ ಪುಸ್ತಕದ ಚಿತ್ರ ನೋಡಿದ ಮೇಲೆ ನಗು ಎಲ್ಲಿ ಹೋಯಿತೋ. ನಮ್ಮ ಅತ್ತೆಯ ಪಂಚಾಯತನ ಅಲ್ಲಿ ಪುಟದ ತುಂಬ ಕೂತಿತ್ತು. ಗೂಡುಗಳೆಲ್ಲ ಗುರಾಣಿಗಳು. ಐದು ಗುರಾಣಿ, ಒಂದೊಂದರಲ್ಲಿ ಚುಕ್ಕೆಗಳು. ನಾಣ್ಯದ ಇನ್ನೊಂದು ಮೈಯಲ್ಲಿ ಶಿಲುಬೆ, ಅದರ ನಾಲ್ಕು ಮೂಲೆಗಳಲ್ಲಿ ನಕ್ಷತ್ರ ಮತ್ತು ಅರ್ಧಚಂದ್ರ. ಹೆಸರು ದಿನ್ಹೇರೊ. ರೋಮಿನವರ ದಿನಾರಿಯಸ್‌ನ ಮರಿಮಗ; ನಮ್ಮ ಹಳೆಯ ಕಥೆಗಳಲ್ಲಿ ಬರುವ ದೀನಾರಕ್ಕೆ ದಾಯಾದಿ. ಅಲ್ಪ ಬೆಳ್ಳಿ, ಹೆಚ್ಚು ತಾಮ್ರ. ರಾಜನಿಗೆ ಯುದ್ಧದ ಖರ್ಚು ಬಂದಾಗಲೆಲ್ಲ ಬೆಳ್ಳಿ ಇನ್ನಷ್ಟು ಅಲ್ಪವಾಗುತ್ತಿತ್ತಂತೆ. ನಮ್ಮ ಬಸ್‌ಸ್ಟ್ಯಾಂಡಿನ ಹೋಟೆಲಿನ ಹಾಲು ಕೂಡ ಹಬ್ಬದ ದಿನ ಹೀಗೇ ಆಗುತ್ತಿತ್ತಾದ್ದರಿಂದ ಆ ರಾಜರ ಮೇಲೆ ನನಗೆ ಸಿಟ್ಟೇನೂ ಬರಲಿಲ್ಲ.

‘ಇದನ್ನ ಹ್ಯಾಂಗ ಮಾಡ್ತಿದ್ರು ನೋಡ್ತೀಯೇನು? ಬಾ’ ಎಂದು ಹುಸೇನ ನನ್ನನ್ನು ನಾಟಾ ಡಿಪೋಗೆ ಎಳೆದುಕೊಂಡು ಹೋದ. ಯಲ್ಲಾಪುರದವರಿಗೆ ಇದು ದಿನನಿತ್ಯದ ನೋಟ. ಸಾಲು ಸಾಲು ಮರದ ದಿಮ್ಮಿಗಳು. ಒಂದೊಂದರ ತುದಿಯನ್ನೂ ಕೊಡಲಿಯಿಂದ ಸಪಾಟು ಮಾಡುತ್ತಾರೆ. ಅರಣ್ಯ ಇಲಾಖೆಯ ಗಾರ್ಡು ಒಂದು ಸುತ್ತಿಗೆ ಎತ್ತಿ ಅಲ್ಲಿ ಬಾರಿಸುತ್ತಾನೆ. ಆ ಸುತ್ತಿಗೆಯ ಮುಖದಲ್ಲೇ ಅಚ್ಚು ಕೊರೆದಿರುತ್ತದೆ. ಏಟು ಬಿದ್ದಲ್ಲಿ ಸರ್ಕಾರದ ಗುರುತು ಮೂಡುತ್ತದೆ. ಮೂಡಿದ ಮೇಲೆಯೇ ಲಾರಿಗೆ ಹೇರಬಹುದು. ‘ದೂರ ನಿಲ್ರಿ ಸಾಹೇಬ್ರ, ಚಕ್ಕಿ ಸಿಡಿತಾವು’ ಎಂದು ಗಾರ್ಡು ಬಾರಿಸಿದ. ಒಂದು ಗುರುತು ನೆಟ್ಟಗೆ ಬಂತು. ಇನ್ನೊಂದು ಓರೆಯಾಗಿ ಅರ್ಧವೇ ಬಂತು. ಮತ್ತೊಂದಕ್ಕೆ ಸಮಾಧಾನವಾಗದೆ ಎರಡನೇ ಏಟು ಹಾಕಿದ, ಗುರುತು ಜೋಡಿಯಾಯಿತು.

ಟಂಕಸಾಲೆಯೂ ಹೀಗೇ, ಎಂದು ಹುಸೇನ ವಿವರಿಸಿದ. ಲೋಹ ಕರಗಿಸಿ, ತಗಡಾಗಿ ಬಡಿದು, ಬಿಲ್ಲೆ ಕತ್ತರಿಸುವುದು. ಒಂದು ಅಚ್ಚನ್ನು ಮರದ ಕೊರಡಿಗೆ ಹುಗಿದು ನಿಲ್ಲಿಸುವುದು, ಅದರ ಮೇಲೆ ಬಿಲ್ಲೆ, ಬಿಲ್ಲೆಯ ಮೇಲೆ ಇನ್ನೊಂದು ಅಚ್ಚು. ಮೇಲಿನದನ್ನು ಒಬ್ಬ ಕೈಯಲ್ಲಿ ಹಿಡಿಯಬೇಕು, ಇನ್ನೊಬ್ಬ ಸುತ್ತಿಗೆ ಬೀಸಬೇಕು. ಒಂದೇ ಏಟಿಗೆ ಎರಡೂ ಮೈ ಮೂಡಬೇಕು. ಕೈ ಚೂರು ಅಲುಗಿದರೆ ಶಿಲುಬೆ ಅಂಚಿನಾಚೆ ಹೋಯಿತು. ಅದಕ್ಕೇ ಆ ಕಾಲದ ಒಂದು ನಾಣ್ಯದ ಹಾಗೆ ಇನ್ನೊಂದಿಲ್ಲ. ‘ಹಿಡಿಯಾಂವನ ಹೆಂಡ್ತಿ ಹೊಡಿಯಾಂವನ ಮನಿಗೆ ಪ್ರತಿ ಹಬ್ಬಕ್ಕೂ ಹೋಳಿಗಿ ಕಳಸ್ತಿರಬೇಕು ನೋಡು’ ಎಂದ ಹುಸೇನ. ನಾನು ಆ ಹಿಡಿಯುವವನ ಬೆರಳುಗಳ ಬಗ್ಗೆ ಬಸ್ಸಿನಲ್ಲಿ ಶಿರಸಿ ಮುಟ್ಟುವವರೆಗೂ ಯೋಚಿಸುತ್ತಿದ್ದೆ.

ಪುಸ್ತಕದಲ್ಲಿ ಇನ್ನೊಂದು ವಿಷಯವಿತ್ತು. ಅಚ್ಚು ಹೊಡೆಯುವ ಮೊದಲು ಬಿಲ್ಲೆಗಳನ್ನು ಕಾಯಿಸಿ, ದ್ರಾಕ್ಷಿ ಮದ್ಯದ ಪೀಪಾಯಿಯ ತಳದಲ್ಲಿ ಕಟ್ಟುವ ಹುಳಿ ಗಸಿಯನ್ನೂ ಉಪ್ಪನ್ನೂ ನೀರಿಗೆ ಹಾಕಿ ಅದರಲ್ಲಿ ಕುದಿಸಿ ತೊಳೆಯುತ್ತಿದ್ದರಂತೆ. ಮೇಲಿನ ತಾಮ್ರದ ಕಿಲುಬು ಬಿಟ್ಟು ಅಡಗಿದ್ದ ಬೆಳ್ಳಿ ಮುಖ ತೋರಿಸುತ್ತಿತ್ತು. ಇದೇನು ಹುಳಿ ಎಂದು ಸೋಮವಾರ ಸ್ಟಾಫ್ ರೂಮಿನಲ್ಲಿ ರಸಾಯನಶಾಸ್ತ್ರದ ಮಾಸ್ತರರನ್ನು ಕೇಳಿದೆ. ಅವರು ನಶ್ಯ ಏರಿಸಿ, ‘ಹುಣಸೆಹಣ್ಣಲ್ಲಿ ಇರುವುದೂ ಅದೇ ಹುಳಿಯಪ್ಪ’ ಎಂದರು. ನಾನು ಕುರ್ಚಿಯಿಂದ ಹಾರಿದೆ. ಯಾಕೆ ಹಾರಿದ್ದು ಎಂದು ಕೇಳಿದರು. ಸಂತೋಷದಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ. ಜಾಣರು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದನ್ನು ನಾಲಗೆಯ ತುದಿಯಲ್ಲಿ ಇಟ್ಟುಕೊಳ್ಳುವುದು ನನ್ನ ಜನ್ಮಸ್ವಭಾವ. ನೆಂಟರ ಮುಂದೆ ಹೇಳಿಬಿಡುತ್ತೇನೆಂದು ಹೆಂಡತಿ ಇವತ್ತಿಗೂ ಮನೆಗೆ ತಂದ ಸಿಹಿ ಎಷ್ಟು ಎಂಬುದನ್ನು ನನಗೆ ತಿಳಿಸುವುದಿಲ್ಲ.

ಸುದ್ದಿ ಸ್ಟಾಫ್ ರೂಮಿನಿಂದ ಹೊರಬಿದ್ದು ಪೇಟೆಯಲ್ಲಿ ಮೆಲ್ಲಗೆ ಓಡಾಡಿಕೊಂಡಿತ್ತು. ಅಷ್ಟರಲ್ಲಿ ಗೋವೆ ಬಿಡುಗಡೆಯಾಯಿತು. ಆ ದಿನಗಳ ಸಂಭ್ರಮ ಏನು ಹೇಳಲಿ! ರೇಡಿಯೋ ಇದ್ದ ಅಂಗಡಿಗಳ ಮುಂದೆ ಜಾತ್ರೆ. ಬಸ್‌ಸ್ಟ್ಯಾಂಡಿನಲ್ಲಿ ಹೋದವರಿಗೆ ಬಂದವರಿಗೆಲ್ಲ ಸಕ್ಕರೆ ಹಂಚಿದರು. ನಾನು ಎರಡು ಸಲ ಹೋದೆ, ಎರಡು ಸಲ ಬಂದೆ. ಚಿಕ್ಕಪ್ಪ ಅಡಿಕೆ ಸೊಸೈಟಿಗೆ ಹೋದವರು ಅಲ್ಲಿ ಪೋರ್ಚುಗೀಸರನ್ನು ಎಲ್ಲರಿಗಿಂತ ಜೋರಾಗಿ ಬೈಯುತ್ತಿದ್ದಾಗ ಯಾರೋ ಹಿಂದಿನಿಂದ, ‘ಭಟ್ರೇ, ಅವು ಇನ್ನೂ ಪೂರ್ತಿ ಹೋಜ್ವಿಲ್ಲೆಡ. ನಿಮ್ಮ ಅಡುಗೆಮನೆಲಿ ಒಂದು ಠಾಣೆ ಇದ್ದಡ’ ಎಂದರಂತೆ. ಸೊಸೈಟಿಗೆ ಸೊಸೈಟಿಯೇ ನಕ್ಕಿತಂತೆ.

ಚಿಕ್ಕಪ್ಪ ಮನೆಗೆ ಬಂದ ರೀತಿಯಲ್ಲೇ ನನಗೆ ಅರ್ಥವಾಯಿತು. ಚಪ್ಪಲಿ ಒಂದು ಅಂಗಳದಲ್ಲಿ, ಒಂದು ಮೆಟ್ಟಿಲ ಮೇಲೆ. ಅತ್ತೆ ಜಗಲಿಯಲ್ಲಿ ಬಿಲ್ಲೆಯನ್ನು ಒಣಗಿಸಿ ಪಕ್ಕದಲ್ಲೇ ಬತ್ತಿ ಹೊಸೆಯುತ್ತ ಕೂತಿದ್ದಳು. ‘ಅಕ್ಕಾ, ಅದನ್ನ ಮನೆಯಿಂದ ಹೊರಗೆ ಹಾಕು. ಅದು ದೇವ್ರಲ್ಲ, ಪೋರ್ಚುಗೀಸರ ದುಡ್ಡಡ. ಹಿಂದೆ ಶಿಲುಬೆ ಇದ್ದಡ. ಪೇಟೆಲಿ ತಲೆ ಎತ್ತಿ ತಿರಗಲಾಗ್ತಿಲ್ಲೆ ಯಂಗೆ!’ ಎಂದರು. ನಾನು ಕಂಬದ ಹಿಂದೆ ಸರಿಯಲು ನೋಡಿದೆ. ನಮ್ಮ ಮನೆಯ ಕಂಬಗಳು ಸಣ್ಣವು.

ಅತ್ತೆಯ ಮುಖ ನೋಡಿದೆ. ನನ್ನ ನಾಲಗೆಯ ತುರಿಕೆಗೆ ಅವಳ ಇಷ್ಟು ವರ್ಷದ ಒಡನಾಡಿ ಹೋಗುತ್ತದಲ್ಲ! ಅವಳು ಬತ್ತಿ ಕೆಳಗಿಟ್ಟು ನನ್ನ ಕಡೆ ತಿರುಗಿದಳು. ‘ಹೌದನೋ? ದುಡ್ಡನೋ ಇದು?’

‘ಹೌದು ಅತ್ತೆ.’

‘ಹಂಗಾರೆ ಅವು ಅದನ್ನ ಹ್ಯಾಂಗೆ ಮಾಡ್ತಿದ್ವು, ಹೇಳು ನೋಡನ.’

ನಾನು ಹೇಳಿದೆ. ಜೀವನದಲ್ಲಿ ಅಷ್ಟು ಶ್ರದ್ಧೆಯಿಂದ ಯಾವ ಪಾಠವನ್ನೂ ಮಾಡಿಲ್ಲ. ಲೋಹ ಬೆಂಕಿಯಲ್ಲಿ ಕರಗಿದ್ದು, ತಗಡಾದದ್ದು, ಬಿಲ್ಲೆಯಾದದ್ದು, ಮತ್ತೆ ಬೆಂಕಿಗೆ ಹೋದದ್ದು, ಹುಳಿ ಉಪ್ಪಿನ ನೀರಲ್ಲಿ ಕುದ್ದು ತೊಳೆಸಿಕೊಂಡದ್ದು, ಒಬ್ಬ ಹಿಡಿದದ್ದು, ಇನ್ನೊಬ್ಬ ಹೊಡೆದದ್ದು. ಆ ಐದು ಗುರಾಣಿಗಳನ್ನು ಅಲ್ಲಿಯವರು ತಮ್ಮ ದೇವರ ಮೈಮೇಲಿನ ಐದು ಗಾಯಗಳೆಂದು ಭಾವಿಸುತ್ತಿದ್ದರಂತೆ ಎಂಬುದನ್ನೂ ಹೇಳಿದೆ. ಯಾವ ನಾವಿಕನಿಗೋ ಅವನ ತಾಯಿ ಹಡಗು ಹತ್ತುವಾಗ ಇದನ್ನು ಕೊರಳಿಗೆ ಕಟ್ಟಿ ಕಳಿಸಿರಬಹುದು ಎಂದು ನನ್ನ ಕಡೆಯಿಂದಲೂ ಸ್ವಲ್ಪ ಸೇರಿಸಿದೆ. ಪುಸ್ತಕದಲ್ಲಿ ಅದಿರಲಿಲ್ಲ. ಆದರೆ ಅಷ್ಟು ಹಳೆಯ, ಯಾವ ಅಂಗಡಿಯಲ್ಲೂ ನಡೆಯದ ದುಡ್ಡನ್ನು ಅವನು ಮತ್ತೇಕೆ ಇಷ್ಟು ದೂರ ತಂದಾನು?

ಅತ್ತೆ ಎಲ್ಲವನ್ನೂ ಕೇಳಿ ಕೊನೆಗೆ ಒಂದೇ ಅಂಶವನ್ನು ಹಿಡಿದಳು. ‘ಹುಳಿ ಉಪ್ಪು ಹಾಕಿ ತೊಳೀತಿದ್ವ?’

‘ಹೌದು. ನೀನು ತೊಳೆದಂತೆಯೇ.’

‘ಹಂಗಾರೆ ಮಡಿಯಲ್ಲೇ ಮಾಡಿದ್ದ’ ಎಂದು ತಲೆಯಾಡಿಸಿದಳು. ಬೆಂಕಿಗೆ ಎರಡು ಸಲ ಹೋಗಿ, ಹುಳಿಯಲ್ಲಿ ಬೆಳಗಿಸಿಕೊಂಡು ಬಂದ ಮೇಲೆ ಯಾವ ಪಾತ್ರೆಗೆ ಏನು ಮೈಲಿಗೆ? ಅವಳ ಪ್ರಕಾರ ಆ ಟಂಕಸಾಲೆಯವರು ನಮ್ಮ ಮನೆಯ ಕೆಲವರಿಗಿಂತ ಮಡಿವಂತರು. ಹೀಗೆನ್ನುವಾಗ ಅವಳು ನೋಡಿದ್ದು ನನ್ನ ಕಡೆಗೆ.

‘ಮಡಿ ಆಗ್ಲಿ ಅಕ್ಕಾ, ಶಿಲುಬೆ?’ ಎಂದರು ಚಿಕ್ಕಪ್ಪ. ಅತ್ತೆ ಬಿಲ್ಲೆಯನ್ನು ಎತ್ತಿ ತಿರುಗಿಸಿ ಅವರ ಮೂಗಿನ ಹತ್ತಿರ ಹಿಡಿದಳು. ತೊಳೆಯುವಾಗ ಐದು ದೇವರ ಮೈಯನ್ನು ಅವಳು ಬೆರಳ ತುದಿಯಲ್ಲಿ ಸವರುತ್ತಿದ್ದಳು, ಅಷ್ಟೆ. ಹೆಬ್ಬೆರಳಿನ ಬಲವೆಲ್ಲ ಬೀಳುತ್ತಿದ್ದುದು ಹಿಂಬದಿಗೆ. ಅಲ್ಲಿ ಶಿಲುಬೆ ಹೆಚ್ಚುಕಡಿಮೆ ಕರಗಿಹೋಗಿತ್ತು. ಮೂಲೆಯಲ್ಲಿ ಒಂದು ನಕ್ಷತ್ರ, ಒಂದು ಅರ್ಧಚಂದ್ರ ಮಾತ್ರ ಮಸುಕಾಗಿ ಕಾಣುತ್ತಿದ್ದವು. ‘ಸೂರ್ಯ, ಚಂದ್ರ’ ಎಂದಳು ಅತ್ತೆ. ‘ಅವು ಪೋರ್ಚುಗಲ್ಲಿಗೊಂದು, ಶಿರಸಿಗೊಂದು ಇದ್ದನ?’

ಚಿಕ್ಕಪ್ಪ ಕಣ್ಣು ಕಿರಿದಾಗಿಸಿ ನೋಡಿದರು. ಆದರೂ ಸೊಸೈಟಿಯ ನಗು ಅವರ ಕಿವಿಯಲ್ಲಿ ಇನ್ನೂ ಇತ್ತು. ‘ಹೆಂಗೇ ಇರ್ಲಿ, ಅದು ನಮ್ಮೂರಿಂದಲ್ಲ. ಎಲ್ಲಿಂದಲೋ ಬಂದಿದ್ದು. ಎಲ್ಲಿಂದಲೋ ಬಂದಿದ್ದಕ್ಕೆಲ್ಲ ಹೂ ಹಾಕಲಾಗ್ತನೇ?’

ಅತ್ತೆಗೆ ಬೇಕಾಗಿದ್ದುದು ಇಷ್ಟೇ ಎಂದು ಕಾಣುತ್ತದೆ. ಬಿಲ್ಲೆಯನ್ನು ಬಾಳೆ ಎಲೆಯ ಮೇಲೆ ಮೆಲ್ಲಗೆ ಇಟ್ಟು, ಸೆರಗು ಸರಿಮಾಡಿಕೊಂಡು ಕೇಳಿದಳು: ‘ತಮಾ, ನಿನ್ನ ಐದು ದೇವ್ರಲ್ಲಿ ಶಿರಸಿಯಂವ ಯಾವಂವ?’

ಚಿಕ್ಕಪ್ಪ ಬಾಯಿ ತೆರೆದರು. ಬೆರಳು ಅಭ್ಯಾಸಬಲದಿಂದ ದೇವರ ಮನೆಯ ಕಡೆಗೆ ಎದ್ದಿತು. ಗಂಡಕಿ, ನರ್ಮದೆ, ಶೋಣಭದ್ರ, ಸುವರ್ಣಮುಖಿ, ತಂಜಾವೂರು. ಎಲ್ಲವೂ ಅವರ ತುಟಿಯವರೆಗೆ ಬಂದು ಅಲ್ಲೇ ನಿಂತಿದ್ದನ್ನು ನಾನು ಕಣ್ಣಾರೆ ಕಂಡೆ. ಶಿರಸಿಯದು ಒಂದೂ ಬರಲಿಲ್ಲ. ಎದ್ದ ಬೆರಳನ್ನು ಏನು ಮಾಡುವುದೆಂದು ತಿಳಿಯದೆ ಅವರು ಅದರಿಂದ ಕಿವಿ ತುರಿಸಿಕೊಂಡರು. ಅತ್ತೆಯ ತುಟಿಯಂಚು ಅಲುಗಿತು. ನನಗೆ ತಡೆಯಲಾಗದೆ ನಗು ಹಾರಿತು. ಕೊನೆಗೆ ಚಿಕ್ಕಪ್ಪನೂ ನಕ್ಕುಬಿಟ್ಟರು. ಅವರು ನಕ್ಕಾಗ ಹೊಟ್ಟೆ ಮೊದಲು ನಗುತ್ತಿತ್ತು, ಮುಖಕ್ಕೆ ಸುದ್ದಿ ಆಮೇಲೆ ಮುಟ್ಟುತ್ತಿತ್ತು. ‘ಆತು ಬಿಡು ಅಕ್ಕಾ’ ಎಂದು ಅಂಗಳಕ್ಕಿಳಿದು ತಮ್ಮ ಇನ್ನೊಂದು ಚಪ್ಪಲಿ ಹುಡುಕತೊಡಗಿದರು. ಅತ್ತೆ ಬಿಲ್ಲೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಒಳಗೆ ಹೋದಳು. ಹೋಗುವಾಗ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ. ಆ ಹೊತ್ತಿನಲ್ಲಿ ನನಗಾದಷ್ಟು ಸಂತೋಷ ಸಕ್ಕರೆ ತಿಂದಾಗಲೂ ಆಗಿರಲಿಲ್ಲ.

ಅದಾದ ಮೇಲೊಮ್ಮೆ ನಾನು ಅತ್ತೆಗೆ ಹೇಳಿದ್ದುಂಟು, ಹೀಗೇ ದಿನಾ ತಿಕ್ಕಿದರೆ ಮುಂದೊಂದು ದಿನ ಐದು ದೇವರೂ ಸವೆದುಹೋಗುತ್ತಾರೆ ಎಂದು. ‘ಹೋಗ್ಲಿ. ಆನೇನು ಹೊಸಾಳಾಗೇ ಇದ್ನ? ಒಟ್ಟಿಗೇ ಸವೀತ್ಯ’ ಎಂದು ತನ್ನ ಸುಕ್ಕುಗಟ್ಟಿದ ಕೈ ತೋರಿಸಿದಳು. ಹುಸೇನ ಇದನ್ನು ಕೇಳಿ, ನಾಣ್ಯ ಸಂಗ್ರಹಿಸುವವರು ಈ ಮಾತು ಕೇಳಿದರೆ ಎದೆ ಒಡೆದುಕೊಳ್ಳುತ್ತಾರೆ, ಹಳೆಯ ನಾಣ್ಯವನ್ನು ಬೆಳಗಬಾರದೆಂಬುದು ಅವರ ಮೊದಲ ಪಾಠ ಎಂದ. ನಾನು ಯೋಚಿಸಿದ್ದು ಬೇರೆ. ಟಂಕಸಾಲೆಯವರು ಬಿಲ್ಲೆಯನ್ನು ಒಮ್ಮೆ ತೊಳೆದು, ಒಮ್ಮೆ ಹೊಡೆದು ಕೈಬಿಟ್ಟರು. ಅತ್ತೆ ದಿನಾ ಅದೇ ಹುಳಿ, ಅದೇ ಉಪ್ಪಿನಲ್ಲಿ ಅಡಗಿದ ಬೆಳ್ಳಿಯನ್ನು ಹೊರಗೆ ಕರೆಯುತ್ತಿದ್ದಳು. ಅವರ ಅರ್ಧ ಕೆಲಸ ಅವಳ ಕೈಯಲ್ಲಿ ಇನ್ನೂ ನಡೆದಿತ್ತು.

ಚಿಕ್ಕಪ್ಪನ ವಿಷಯ ಹೇಳದಿದ್ದರೆ ಹಡಗು ದಡ ಮುಟ್ಟುವುದಿಲ್ಲ. ಮುಂದಿನ ಸಲ ವಿಮೆಯ ಏಜೆಂಟರು ಬಂದಾಗ ಹುಸೇನನೂ ಜಗಲಿಯಲ್ಲಿದ್ದ. ಆಸರಿಗೆ ಆಯಿತು. ಏಜೆಂಟರು ರೂಢಿಯಂತೆ ದೇವರ ಮನೆಯ ಬಾಗಿಲಿಗೆ ತಾವೇ ಎದ್ದು ಹೋದರು. ಚಿಕ್ಕಪ್ಪ ಬೆರಳು ತೋರಿಸಿದರು: ಗಂಡಕಿಯದು, ನರ್ಮದೆಯದು, ಶೋಣಭದ್ರದ್ದು, ಸುವರ್ಣಮುಖಿಯದು, ತಂಜಾವೂರಿನದು. ಏಜೆಂಟರು ಕೈಮುಗಿದು ಹೊರಡಲು ತಿರುಗಿದಾಗ ಚಿಕ್ಕಪ್ಪ ಅವರ ಭುಜ ಹಿಡಿದು ಅಡುಗೆಮನೆಯ ಗೂಡಿನ ಕಡೆ ತಿರುಗಿಸಿದರು. ಗಂಟಲು ಸರಿಮಾಡಿಕೊಂಡು, ಅಷ್ಟೇ ಹೆಮ್ಮೆಯಿಂದ, ‘ಇದು ಪೋರ್ಚುಗಲ್ಲಿನದು. ನಮ್ಮಕ್ಕನದು’ ಎಂದರು.

ಹುಸೇನ ನನ್ನ ಪಕ್ಕೆ ತಿವಿದ. ಒಳಗಿನಿಂದ, ಒಲೆಯ ಮುಂದಿನಿಂದ, ಅತ್ತೆಯ ದನಿ ಕೇಳಿತು: ‘ಹುಣ್ಸೆಹಣ್ಣು ಮಾತ್ರ ಶಿರಸಿದು ಅಂತ ಹೇಳೋ ತಮಾ!’